ಹೊಡೆದವನ ಅಂಗೈ

ಫೆಬ್ರವರಿ 6

ಮತ್ತೆ ಅದೇ ರಾಮಾಯಣ. ಬೆಳಿಗ್ಗೆ ಅಳುವ ಸೀನ್ ತೆಗೆದೆ. ಮಧ್ಯಾಹ್ನ ಹಾಕಿದೆ. ಸಂಜೆ ಅರ್ಧ ತೆಗೆದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೆ. ಎತ್ತು ನಮ್ಮ ನಿರ್ದೇಶಕ. ಕೋಣ ನಮ್ಮ ಪ್ರೊಡ್ಯೂಸರ್, ನಾವೆಲ್ಲ ಧಣಿ ಅನ್ನುತ್ತೇವೆ. ನಡುವೆ ಮುರಿಯುವ ಗಾಡಿ ನಾನು — ಎಡಿಟರ್.

ಕಥೆ ಇಷ್ಟೇ. ಮುಖವಾಡ ಹಾಕಿದವನೊಬ್ಬ ಊರು ಕಾಯುತ್ತಾನೆ. ಹಾರುತ್ತಾನೆ, ಬಡಿಯುತ್ತಾನೆ. ನಡುವೆ ಒಮ್ಮೆ ಮುಖವಾಡ ಬಿಚ್ಚಿಟ್ಟು, ಸತ್ತ ತಮ್ಮನ ಫೋಟೋ ಮುಂದೆ ಕೂತು ನಾಲ್ಕು ನಿಮಿಷ ಅಳುತ್ತಾನೆ. ಈ ಕುಸ್ತಿಯೆಲ್ಲ ಆ ನಾಲ್ಕು ನಿಮಿಷಕ್ಕೆ.

"ಸೂಪರ್‌ಹೀರೋಗೂ ಒಂದು ಆಳ ಬೇಕು ಸಾರ್," ನಿರ್ದೇಶಕ.

"ಆಳ ಬೇಕಾದ್ರೆ ಬಾವಿ ತೋಡಿಸು. ಜನ ದುಡ್ಡು ಕೊಡೋದು ಫೈಟ್ ನೋಡೋಕೆ," ಧಣಿ.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಿರ್ದೇಶಕನ ಪಕ್ಷ ಅನ್ನುತ್ತಿದ್ದೆ. ಬರೀ ಗುದ್ದಾಟ ಕತ್ತರಿಸಿ ಕತ್ತರಿಸಿ ಕೈ ಜಡ್ಡುಗಟ್ಟಿದೆ.

ಫೆಬ್ರವರಿ 7, ಭಾನುವಾರ

ರಜೆ ಅಂತ ಹೆಸರಿಗೆ. ಮನೆಯಲ್ಲೂ ಅದೇ ಧಡ್ ಧಡ್. ಅಮ್ಮ ಹೋದ ಮೇಲೆ ಅಪ್ಪ ಟೀವಿಯಲ್ಲಿ ಹೊಡೆದಾಟ ಬಿಟ್ಟು ಬೇರೇನೂ ನೋಡುವುದಿಲ್ಲ. ಅಮ್ಮ ಸ್ನಾನದ ಮನೆಯಲ್ಲಿ ಬಿದ್ದಿದ್ದು ಅಕ್ಟೋಬರ್‌ನಲ್ಲಿ. ತಲೆಗೆ ಪೆಟ್ಟು. ಆಸ್ಪತ್ರೆಯಿಂದ ವಾಪಸ್ ಬರಲಿಲ್ಲ. ಆ ದಿನದ ಬಗ್ಗೆ ಅಪ್ಪ ಇವತ್ತಿನವರೆಗೂ ತುಟಿ ಪಿಟಕ್ ಅಂದಿಲ್ಲ. ಅತ್ತಿಲ್ಲ. ಆಗ ಮನೆಯಲ್ಲಿದ್ದವನು ಅವನೊಬ್ಬನೇ. ಕೇಳಿದರೆ ಎದ್ದು ಹೋಗುತ್ತಾನೆ.

"ಏನಪ್ಪಾ ಇದು, ಕಿವಿ ತೂತು ಬೀಳುತ್ತೆ. ಆ ಚಾನೆಲ್‌ನಲ್ಲಿ ಒಳ್ಳೇ ಸಿನಿಮಾ ಬರ್ತಾ ಇತ್ತು, ಯಾಕೆ ಬದಲಾಯಿಸ್ದೆ?"

"ಅದ್ರಲ್ಲಿ ಅಳ್ತಾರೆ."

"ಅತ್ರೆ ಏನಾಯ್ತು?"

"ಅಳೋ ಸೀನು ಅಳು ಇಲ್ದೋರಿಗೆ ಕಣೇ. ಇಲ್ಲಿ ನೋಡು, ಎಷ್ಟು ಜೋರಾಗಿ ಬಿದ್ರೂ ಎದ್ದು ಹೋಗ್ತಾರೆ."

ಮೂವತ್ತು ವರ್ಷ ಬಸ್ ಓಡಿಸಿದವನು. ಹಾರ್ನ್ ಹೊಡೆದ ಹಾಗೆ ಮಾತು. ಎದುರಾಡಲು ಹೋದೆ, ಸೌಂಡ್ ಇನ್ನೂ ಜಾಸ್ತಿ ಮಾಡಿದ.

ಫೆಬ್ರವರಿ 12

ಅಯ್ಯೋ, ನನ್ನ ಹಣೆಬರಹವೇ!

ಇವತ್ತು ಟ್ರಯಲ್ ಶೋ. ಹೊರಗಿನ ಜನರನ್ನು ಕರೆದು ತೋರಿಸಿದ್ದು. ಅಪ್ಪನನ್ನೂ ಎಳೆದುಕೊಂಡು ಹೋಗಿದ್ದೆ — ಫೈಟ್ ಇದೆ ಬಾ ಅಂತ ಆಸೆ ತೋರಿಸಿ.

ಅಳುವ ಸೀನ್ ಬಂತು. ಒಬ್ಬ ಫೋನ್ ತೆಗೆದ. ನಾಲ್ಕು ಜನ ಬಾತ್‌ರೂಮಿಗೆ ಎದ್ದರು. ಅಪ್ಪ ಚಿಪ್ಸ್ ಪ್ಯಾಕೆಟ್ ಹರಿದ, ಪರ್ರ್ ಅಂತ. ನಿರ್ದೇಶಕ ತಿರುಗಿ ನೋಡಿದ. ನಾನು ಅಪ್ಪನನ್ನು ಗೊತ್ತೇ ಇಲ್ಲದವಳ ಹಾಗೆ ಕೂತೆ.

ಆಮೇಲೆ ಗೋಡೌನ್ ಫೈಟ್. ಮುಖವಾಡದವನು ಒಬ್ಬ ರೌಡಿಯನ್ನು ಎತ್ತಿ ಸಿಮೆಂಟ್ ನೆಲಕ್ಕೆ ಕೆಡವುತ್ತಾನೆ. ಧಡ್! ಆ ಏಟಿಗೇ ಕಟ್. ನಾನೇ ಕತ್ತರಿಸಿದ್ದು. ಆದರೆ ಪರದೆಯ ಮೇಲೆ ಶಾಟ್ ನಿಲ್ಲಲಿಲ್ಲ! ಇನ್ನೂ ಒಂದೂವರೆ ಸೆಕೆಂಡ್ ಓಡಿತು. ಕೆಡವಿದವನು ಸರಕ್ಕನೆ ಬಗ್ಗಿ, ಬೆನ್ನು ನೆಲಕ್ಕೆ ಬಡಿದವನ ತಲೆ ಕೆಳಗೆ ತನ್ನ ಅಂಗೈ ಇಟ್ಟ. ತಲೆ ನೆಲಕ್ಕಲ್ಲ, ಅಂಗೈಗೆ ಬಿತ್ತು.

ಫೋನ್ ತೆಗೆದಿದ್ದವನು ತಲೆ ಎತ್ತಿದ. ಹಿಂದೆ ಯಾರೋ ಹೆಂಗಸು "ಅಯ್ಯೋ ಶಿವನೇ" ಅಂದರು, ಮೆಲ್ಲಗೆ. ಪಕ್ಕಕ್ಕೆ ತಿರುಗಿದೆ. ಅಪ್ಪ ಮುಂದಿನ ಸೀಟು ಹಿಡಿದುಕೊಂಡಿದ್ದ. ಚಿಪ್ಸ್ ಎಲ್ಲ ನೆಲದ ಮೇಲೆ.

ಮನೆಗೆ ಬಂದವನು ಟೀವಿ ಹಾಕಲಿಲ್ಲ.

ಫೆಬ್ರವರಿ 13

ಹುಡುಕಿದೆ. ತಪ್ಪು ನನ್ನದೇ. ಅಳುವ ಸೀನ್ ತೆಗೆದು ಹಾಕಿ, ತೆಗೆದು ಹಾಕಿ, ಅದರ ನಂತರದ ಕಟ್‌ಗಳೆಲ್ಲ ಒಂದಿಷ್ಟು ಜರುಗಿವೆ. ಏಟಿಗೇ ಕತ್ತರಿಸಿ ಮುಚ್ಚಿದ್ದ ಶಾಟ್‌ನ ಬಾಲ ಬಿಚ್ಚಿಕೊಂಡಿದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುವುದು ಗೊತ್ತಿತ್ತು. ಇಲ್ಲಿ ಹೊಸ ಕೂಸೇ ಹುಟ್ಟಿದೆ.

ಧಣಿಯ ಫೋನ್. "ಏನಮ್ಮಾ ಅದು? ಹೊಡ್ದವ್ನೇ ತಲೆ ಹಿಡ್ಕೊಳ್ಳೋದಾ? ಹೀರೋ ಮೆತ್ತಗಾದ. ತೆಗಿ."

ಐದು ನಿಮಿಷಕ್ಕೆ ನಿರ್ದೇಶಕನ ಫೋನ್. "ಅದು ಸ್ಕ್ರಿಪ್ಟ್‌ನಲ್ಲೇ ಇಲ್ಲ ಮೇಡಂ. ನನ್ನ ಎಮೋಷನ್ ಇರೋದು ಆ ಫೋಟೋ ಸೀನ್‌ನಲ್ಲಿ. ತೆಗೀರಿ."

ಆರು ತಿಂಗಳಲ್ಲಿ ಮೊದಲ ಸಲ ಇಬ್ಬರೂ ಒಂದಾಗಿದ್ದಾರೆ. ಭೇಷ್.

ತೆಗೆಯುವವಳೇ ಇದ್ದೆ. ಸತ್ಯ ಹೇಳುತ್ತೇನೆ, ಬೆರಳು ಕೀ ಮೇಲಿತ್ತು. ಆದರೆ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುವಾಗ ಅಪ್ಪ ಬಾಗಿಲಿಗೆ ಬಂದು ನಿಂತು ಹೇಳಿದ್ದ:

"ಆ ಕೈ ಇದೆಯಲ್ಲ... ಅದನ್ನ ತೆಗೀಬೇಡ."

ಅಷ್ಟೇ. ಒಳಗೆ ಹೋದ.

ಫೆಬ್ರವರಿ 15

ಡೂಪ್ ಬಂದಿದ್ದ. ಹೀರೋ ಬದಲು ಮುಖವಾಡ ಹಾಕಿಕೊಂಡು ಬಿದ್ದು ಎದ್ದು ಒದೆ ತಿಂದವನು ಅವನೇ. ಆ ಅಂಗೈ ಅವನದು. ಯಾರೋ ಸುದ್ದಿ ಮುಟ್ಟಿಸಿದ್ದಾರೆ. ಬಾಗಿಲಲ್ಲೇ ನಿಂತ.

"ತಪ್ಪಾಯ್ತು ಮೇಡಂ. ಮ್ಯಾಟ್ ಜರುಗಿಬಿಟ್ಟಿತ್ತು. ಕೆಳಗೆ ಬರೀ ಸಿಮೆಂಟು. ಅವನ ತಲೆ ಹೋಗ್ತಿತ್ತು. ಯೋಚ್ನೆ ಮಾಡೋಕೆ ಟೈಮ್ ಎಲ್ಲಿ, ಕೈ ಹೋಯ್ತು."

"ಅಯ್ಯೋ ಪುಣ್ಯಾತ್ಮ, ಇದನ್ನ ತಪ್ಪು ಅಂತೀಯಲ್ಲ!"

"ಫೈಟ್ ಕೆಡಿಸ್ದ ಅಂತ ಹೆಸರು ಬರುತ್ತೆ ಮೇಡಂ."

"ಬರ್ಲಿ. ನಿನ್ನ ಹೆಸರನ್ನ ಟೈಟಲ್‌ನಲ್ಲಿ ಹಾಕಿಸ್ತೀನಿ, ಆಗ ನೋಡೋಣ ಯಾರೇನಂತಾರೆ."

ನಕ್ಕ. ಬಲಗೈ ಹಿಂದೆ ಮುಚ್ಚಿಟ್ಟುಕೊಂಡಿದ್ದ. ತೋರಿಸು ಅಂದೆ. ಎರಡು ಬೆರಳು ಇನ್ನೂ ಪೂರ್ತಿ ಮಡಚಲಾಗುತ್ತಿಲ್ಲ.

ಫೆಬ್ರವರಿ 16

ಹೇಳಿಬಿಟ್ಟೆ. ಇಬ್ಬರ ಮುಖಕ್ಕೂ. ಮೀಟಿಂಗ್‌ನಲ್ಲೇ.

ಅಳುವ ಸೀನ್ ಇಡುತ್ತೀರೋ ಬಿಡುತ್ತೀರೋ ನಿಮಗೆ ಬಿಟ್ಟದ್ದು. ಇನ್ನೆರಡು ಫೈಟ್ ತುಂಬಿದರೂ ಸರಿ. ಅಂಗೈ ಇರುತ್ತೆ. ಆಳವೋ ಹೊಡೆದಾಟವೋ ಅಂತ ಆರು ತಿಂಗಳಿಂದ ನನ್ನ ತಲೆ ತಿಂದಿರಿ. ಎರಡೂ ಒಂದೇ ಶಾಟ್‌ನಲ್ಲಿ ತಾನಾಗಿಯೇ ಬಂದು ಕೂತಿದೆ, ನಿಮ್ಮಿಬ್ಬರಿಗೂ ಕಾಣುತ್ತಿಲ್ಲ. ಅವನು ಹೊಡೆಯುವುದನ್ನೂ ಬಿಡಲಿಲ್ಲ, ಕೊಲ್ಲಲೂ ಇಲ್ಲ. ಹೀರೋ ಅಂದರೆ ಇನ್ನೇನು?

"ನೀನು ಎಡಿಟರ್ರೋ, ಭಾಷಣಕಾರ್ತಿಯೋ?" ಧಣಿ.

"ಇವತ್ತಿಗೆ ಎರಡೂ ಸಾರ್."

ನಿರ್ದೇಶಕ ಮುಖ ಕೆಂಪು ಮಾಡಿಕೊಂಡು ಎದ್ದುಹೋದ. ಅವನ ಪಕ್ಷದವಳೇ ಆಗಿದ್ದೆ, ಪಾಪ. ಆದರೆ ನಾಲ್ಕು ನಿಮಿಷ ಅತ್ತರೂ ಬಾರದ್ದು ಒಂದೂವರೆ ಸೆಕೆಂಡಿನಲ್ಲಿ ಬಂದರೆ ನಾನೇನು ಮಾಡಲಿ? ಕಣ್ಣು ಮುಚ್ಚಿಕೊಳ್ಳಲಾ?

ಫೆಬ್ರವರಿ 24

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಇದ್ದದ್ದು ಬೈಗುಳ ಮಾತ್ರ.

ಕೊನೆಯ ಮಾತು ಬಂದಿದೆ. ನಾಳೆ ಸಂಜೆಯೊಳಗೆ ಅಂಗೈ ಹೋಗಬೇಕು. ಇಲ್ಲದಿದ್ದರೆ ನಾನು ಹೋಗಬೇಕು. ಹೊಸ ಎಡಿಟರ್‌ನನ್ನು ಕರೆತರುತ್ತಾರಂತೆ. ಈ ಲೈನ್‌ನಲ್ಲಿ ಇನ್ನು ಎಲ್ಲೂ ಕೆಲಸ ಸಿಗದ ಹಾಗೆ ನೋಡಿಕೊಳ್ಳುತ್ತಾರಂತೆ. ನೋಡಿಕೊಳ್ಳಲಿ. ಹೆದರಿಕೆ ಇಲ್ಲವೇ? ಇದೆ. ಹಾಗಂತ ಅವರಿಗೆ ತೋರಿಸಲೇ? ನನ್ನ ಜಾಯಮಾನದಲ್ಲೇ ಇಲ್ಲ.

ಅಪ್ಪನಿಗೆ ಹೇಳಿದೆ. "ನಾಳೆ ಊಟಕ್ಕೆ ಬರಲ್ಲ." "ಡಬ್ಬಿ ನಾನು ತರ್ತೀನಿ" ಅಂದ. ಸ್ಟುಡಿಯೋ ಬಾಗಿಲು ಕೂಡ ನೋಡಿದವನಲ್ಲ.

ಫೆಬ್ರವರಿ 25, ಮಧ್ಯಾಹ್ನ

ಎಡಿಟ್ ರೂಮಿಗೆ ಒಳಗಿನಿಂದ ಚಿಲಕ ಹಾಕಿದ್ದೇನೆ. ಸಿನಿಮಾ ಫೈನಲ್ ಫೈಲ್ ಆಗಿ ಸೌಂಡ್ ಸ್ಟುಡಿಯೋಗೆ ಹೋಗುತ್ತಿದೆ. ಅಂಗೈ ಸಮೇತ. ಪರದೆಯ ಮೇಲೆ ಹಸಿರು ಪಟ್ಟಿ ಅರ್ಧ ದಾಟಿದೆ. ಅದು ಪೂರ್ತಿ ತುಂಬಿತೋ, ಮುಗಿಯಿತು. ಬಿಡುಗಡೆ ಮುಂದಕ್ಕೆ ಹಾಕದೆ ಇನ್ನು ಯಾರಪ್ಪನಿಂದಲೂ ಬದಲಿಸಲಾಗದು. ನಡುವೆ ನಿಲ್ಲಿಸಿದರೆ ಎಲ್ಲ ಹೋಯಿತು. ಕೈ ಕೀಬೋರ್ಡ್ ಮುಟ್ಟದಿರಲಿ ಅಂತ ಬರೆಯುತ್ತಾ ಕೂತಿದ್ದೇನೆ.

ಧಣಿ ಬಾಗಿಲು ಬಡಿಯುತ್ತಿದ್ದಾರೆ.

"ತೆಗಿಯಮ್ಮಾ ಬಾಗಿಲು! ಏನು ಹುಚ್ಚಾಟ ಇದು?"

"ಆಮೇಲೆ ಕೆಲಸದಿಂದ ತೆಗೀರಿ ಸಾರ್. ಈಗ ಬಾಗಿಲು ಮಾತ್ರ ತೆಗೆಯಲ್ಲ."

ಮುಕ್ಕಾಲು.

ಅಪ್ಪನ ದನಿ! ಡಬ್ಬಿ ತಂದಿದ್ದಾನೆ.

"ಯಾರ್ರೀ ಅದು ಬಾಗಿಲು ಒಡೆಯೋ ಹಾಗೆ? ಒಳಗೆ ನನ್ನ ಮಗಳು ಕೆಲಸ ಮಾಡ್ತಾ ಇದ್ದಾಳೆ."

"ನಾನು ಈ ಸಿನಿಮಾ ಪ್ರೊಡ್ಯೂಸರ್ ಕಣ್ರೀ!"

"ಆಗಿರಿ. ಯಾರು ಬೇಡ ಅಂದ್ರು?"

ಕುರ್ಚಿ ಎಳೆದ ಸದ್ದು. ಬಾಗಿಲಿಗೇ ಅಡ್ಡ ಹಾಕಿಕೊಂಡು ಕೂತಿರಬೇಕು. ಬಸ್ ಅಡ್ಡ ನಿಲ್ಲಿಸಿದ ಹಾಗೆ. ನಗು ತಡೆಯಲಾಗಲಿಲ್ಲ.

"ಯಜಮಾನ್ರೇ, ನೀವಾದ್ರೂ ಹೇಳಿ. ಒಂದು ಕೈ. ಒಂದು ಕೈಗೋಸ್ಕರ ಇಷ್ಟು ರಂಪಾನಾ?"

ಪಟ್ಟಿಗೆ ಇನ್ನು ಸ್ವಲ್ಪ ಬಾಕಿ.

ಈಗ ಅಪ್ಪ ಶುರು ಮಾಡಿದ. ಮೆಲ್ಲಗೆ. ಅಪ್ಪನ ದನಿಯೇ ಅಲ್ಲ ಇದು.

"ನನ್ನ ಹೆಂಡ್ತಿ ಸ್ನಾನದ ಮನೆಯಿಂದ ಕೂಗಿದ್ಲು ಸಾರ್. ತಲೆ ಸುತ್ತುತ್ತಾ ಇದೆ, ಬನ್ನಿ, ಹಿಡ್ಕೊಳ್ಳಿ ಅಂದ್ಲು. ನಾನು ಟೀವಿ ಮುಂದೆ ಇದ್ದೆ. ಇರು, ಬಂದೆ ಅಂದೆ. ಇರು ಅಂದುಬಿಟ್ಟೆ ಸಾರ್..."

ಗೊತ್ತಿರಲಿಲ್ಲ. ನನಗೆ ಇದು ಗೊತ್ತೇ ಇರಲಿಲ್ಲ.

ಬಾಗಿಲು ಬಡಿಯುವುದು ನಿಂತಿದೆ. ಅಪ್ಪ ಅಳುತ್ತಿದ್ದಾನೆ. ದೊಡ್ಡ ದನಿ ತೆಗೆದು. ಅಪರಿಚಿತರ ಮುಂದೆ. ಈಗ ಚಿಲಕ ತೆಗೆದರೆ ಧಣಿ ನುಗ್ಗಿ ಎಲ್ಲ ನಿಲ್ಲಿಸಬಹುದು. ಪಟ್ಟಿ ತುದಿಗೆ ಬಂದಿದೆ, ಎರಡೇ ನಿಮಿಷ.

ಕೂಗಿ ಹೇಳಲು ಬಾಯಿ ತೆರೆದೆ — ಇರಪ್ಪಾ, ಬಂ

ಅಯ್ಯೋ, ಏನು ಅನ್ನಲು ಹೊರಟಿದ್ದೆ ನಾನು!

ಹಾಳಾಗಲಿ ಪಟ್ಟಿ. ಚಿಲಕ