ಎರಡು ಚುಕ್ಕಿ

ಮಾರ್ಚ್ ೧೧, ಮಂಗಳವಾರ

ನನ್ನ ಅಕ್ಕನಿಗೆ, ನಿನ್ನ ತಂಗಿ ಇರುವೆಯ ನಮಸ್ಕಾರ.

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಫೋನಿನಲ್ಲಿ ಹೇಳಹೋದರೆ ನೀನು ನಡುವೆ ಏನೋ ಕೇಳುತ್ತೀಯ, ನಾನು ಏನೋ ಹೇಳಿ ಜಾರಿಕೊಳ್ಳುತ್ತೇನೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ಬೆಳಿಗ್ಗೆ ಹಳೇ ಕಾರುಗಳ ಹುಚ್ಚಿನ ಸಾಹುಕಾರರೊಬ್ಬರು ವರ್ಕ್‌ಶಾಪಿಗೆ ಒಂದು ಡಬ್ಬ ತಂದರು. ಗುಜರಿಯಲ್ಲಿ ಕೊಂಡ ಸ್ಪೋರ್ಟ್ಸ್ ಕಾರಿನ ಜೋಡಿ ಕಾರ್ಬ್ಯುರೇಟರ್ ಅಂತೆ. ಹೊಸದು ಹಾಕಿದ್ರೆ ಗಾಡಿಗೆ ಮರ್ಯಾದೆ ಇಲ್ಲಮ್ಮ, ಅಸಲಿದನ್ನೇ ಸರಿಮಾಡಿಕೊಡು ಅಂದರು. ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಜಿಡ್ಡು ಬಿಟ್ಟ ಮೇಲೆ ಅದರ ಮೈಮೇಲಿನ ತಗಡಿನಲ್ಲಿ, ನಮ್ಮ ರಿಪೇರಿ ಪುಸ್ತಕದಲ್ಲಿ ನಾನೇ ಬರೆದಿಟ್ಟಿದ್ದ ನಂಬರು ಕಂಡಿತು. ಅಕ್ಕಾ, ಅದು ಭಾವನ ಕೆಂಪು ಕಾರಿನದು. ಸ್ಟೂಲ್ ಎಳೆದುಕೊಂಡು ಕೂತೆ.

ಹನ್ನೊಂದು ವರ್ಷದ ಹಿಂದೆ ಈ ಜೋಡಿಯಲ್ಲಿ ಒಂದನ್ನು ಅಪ್ಪ, ಇನ್ನೊಂದನ್ನು ನಾನು ರಿಪೇರಿ ಮಾಡಿದ್ದೆವು. ನಮ್ಮ ಪದ್ಧತಿ ಮರೆತಿಲ್ಲ ತಾನೆ? ಜೋಡಿಸಿದವರು ಮುಚ್ಚಳದ ಒಳಗೆ ಗುರುತು ಕುಟ್ಟಬೇಕು, ಅಪ್ಪನದು ಒಂದು ಚುಕ್ಕಿ, ನನ್ನದು ಎರಡು. ಮೂರನೇ ದಿನ ಇಳಿಜಾರಿನಲ್ಲಿ ವೇಗ ಇಳಿಯದೆ ಕಾರು ಉರುಳಿ ಭಾವ ಹೋದರು. ಪೊಲೀಸ್ ಠಾಣೆಯ ಅಂಗಳದಲ್ಲಿ ಕಾರು ಬಿಚ್ಚಿ ನೋಡಿ ಬಂದ ಅಪ್ಪ, ತಪ್ಪು ತಮ್ಮ ಕೈಯದೇ ಅಂದುಬಿಟ್ಟರು. ಆಮೇಲೆ ಅವರು ಸ್ಪ್ಯಾನರ್ ಮುಟ್ಟಲಿಲ್ಲ, ನೀನು ಅವರ ಮುಖ ನೋಡಲಿಲ್ಲ. ಕಣ್ಣು ಮಂಜಾದ ಮುದುಕನಿಗೆ ಯಾಕೆ ಬೇಕಿತ್ತು ಈ ಕೆಲಸ ಅಂತ ನಾನೂ ಮನಸ್ಸಲ್ಲೇ ಬೈದುಕೊಂಡಿದ್ದೇನೆ.

ಮೊದಲು ಒಂದು ಚುಕ್ಕಿಯದನ್ನು ಬಿಚ್ಚಿದೆ. ಇಂಜಿನ್ನಿಗೆ ಹೋಗುವ ಗಾಳಿ ತಡೆಯುವ ಹಿತ್ತಾಳೆ ಬಿಲ್ಲೆ ಸಲೀಸಾಗಿ ತಿರುಗಿತು. ಅದನ್ನು ಹಿಡಿದ ಎರಡು ಸ್ಕ್ರೂಗಳ ಸೀಳಿದ ತುದಿ, ಆ ಸೀಳುಬಾಲ, ಎರಡು ಕಡೆಗೂ ಅಗಲಿಸಿಯೇ ಇತ್ತು. ಬಾಲ ಅಗಲಿಸದಿದ್ದರೆ ಇಂಜಿನ್ನಿನ ನಡುಕಕ್ಕೆ ಸ್ಕ್ರೂ ಕಳಚಿ, ಬಿಲ್ಲೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಪೆಡಲ್‌ನಿಂದ ಕಾಲು ತೆಗೆದರೂ ಗಾಡಿ ಓಡುತ್ತಲೇ ಇರುತ್ತದೆ. ನಮ್ಮಿಬ್ಬರಿಗೂ ಅಪ್ಪ ಅಕ್ಷರಕ್ಕಿಂತ ಮೊದಲು ಕಲಿಸಿದ ಪಾಠ ಇದು.

ಆಮೇಲೆ ಎರಡು ಚುಕ್ಕಿಯದು. ಬಿಲ್ಲೆ ಓರೆಯಾಗಿ ಕಚ್ಚಿಕೊಂಡಿದೆ. ಒಂದು ಸ್ಕ್ರೂ ಇಲ್ಲವೇ ಇಲ್ಲ. ಉಳಿದದ್ದರ ಬಾಲ ಪೊಟ್ಟಣದಿಂದ ತೆಗೆದ ಹಾಗೇ ನೆಟ್ಟಗಿದೆ.

ನಾಲ್ಕು ಸಲ ನೋಡಿದೆ. ಭೂತಗನ್ನಡಿ ಇಟ್ಟೂ ನೋಡಿದೆ. ಚುಕ್ಕಿ ಒಂದಾಗಲಿಲ್ಲ.

ಅವತ್ತು ಇದನ್ನು ಜೋಡಿಸುತ್ತಿದ್ದಾಗ ಕಾರಿನ ಪಕ್ಕ ಫೋಟೋ ತೆಗೆಸಿಕೊಳ್ಳೋಣ ಬಾ ಅಂತ ನೀನು ಕರೆದೆ, ಅರ್ಧಕ್ಕೇ ಎದ್ದು ಬಂದೆ ಅಂತ ಬರೆದು ಹೊಡೆದುಹಾಕಿದ್ದೇನೆ, ಮೇಲೆ ಗೀಚು ಕಾಣಿಸುತ್ತದಲ್ಲ, ಅದು ಬರೀ ನೆಪ ಅನ್ನಿಸಿತು. ಯಾರು ಕರೆದರೇನು, ಬಾಲ ಅಗಲಿಸುವುದು ನನ್ನ ಕೆಲಸ. ಆಯ್ತಾ ಅಂತ ಅಪ್ಪ ಕೇಳಿದ್ದರು, ಆಯ್ತಪ್ಪ ಅಂದಿದ್ದೆ. ಭಾವನನ್ನು ಕೊಂದದ್ದು ನಾನು ಅಕ್ಕ. ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ.

ನಿನ್ನ,
ಇರುವೆ

ಮರೆತಿದ್ದೆ: ಕಾರ್ಬ್ಯುರೇಟರನ್ನು ಅಪ್ಪನ ಮುಂದೆ ಇಟ್ಟೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಬೆರಳಿಂದ ಎರಡು ಚುಕ್ಕಿ ಸವರಿದರು. ಅವಳಿಗೆ ಗಂಡ ಹೋದ, ತಂಗೀನೂ ಹೋಗೋದು ಬೇಡ ಅನ್ನಿಸ್ತು, ಅಪ್ಪ ಇಲ್ದಿದ್ರೂ ನಡೆಯುತ್ತೆ ಅಂದರು. ಈ ಕಾಗದ ಹಾಕಬೇಡ ಅಂದಿದ್ದಾರೆ. ಹಾಕುತ್ತಿದ್ದೇನೆ. ನನ್ನ ಜೊತೆ ಮಾತು ಬಿಡು, ಆದರೆ ಅವರಿಗೊಂದು ಫೋನ್ ಮಾಡು.