ಅಪ್ಪನ ಹೆಸರಿನ ಸೀಸೆ

ಗೊರ್ರೆಪುಟ್ಟುಗ
ನವೆಂಬರ್ 9, ಗುರುವಾರ

ಪ್ರೀತಿಯ ಸತ್ಯವೇಣಿ,

ಜೂನ್ ತಿಂಗಳಲ್ಲಿ ಅಪ್ಪನ ಹೆಸರು ಬರೆದಿದ್ದ ಸೀಸೆಗೆ ನಾನು ನನ್ನ ರಕ್ತ ಕೊಟ್ಟೆ. ಐದು ತಿಂಗಳು ಇದನ್ನು ಯಾರಿಗೂ ಹೇಳಿರಲಿಲ್ಲ. ನೀನು ಫೋನ್ ಮಾಡಿದಾಗಲೆಲ್ಲ ಸಿಗ್ನಲ್ ಇಲ್ಲ ಎಂದು ಇಟ್ಟುಬಿಡುತ್ತಿದ್ದೆನಲ್ಲ, ಸಿಗ್ನಲ್ ಇತ್ತು. ನಿನ್ನ ಹತ್ತಿರ ಸುಳ್ಳು ಹೇಳಲು ನಾಲಿಗೆ ಏಳುತ್ತಿರಲಿಲ್ಲ, ಅಷ್ಟೇ. ಕ್ಷಮಿಸು. ನೀನು, ಹೊಟ್ಟೆಯಲ್ಲಿರುವ ಕೂಸು, ದೋಣಿಯ ಮೇಲಿರುವ ನಿನ್ನ ಗಂಡ ಎಲ್ಲರೂ ವೆರಾವಲ್‌ನಲ್ಲಿ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಅತ್ತೆ ಫೋನನ್ನು ಜೋರಾಗಿ ಇಟ್ಟು ಪಕ್ಕದಲ್ಲೇ ಕೂರುತ್ತಾರೆ, ಅದಕ್ಕೇ ಕಾಗದ. ನಿನ್ನ ಅಮ್ಮನ ಸಂಗತಿ ಕೊನೆಯಲ್ಲಿದೆ. ಹಾರಿಸಿಕೊಂಡು ಅಲ್ಲಿಗೆ ಹೋಗಬೇಡ.

ಡಯಾಲಿಸಿಸ್ ಕೇಂದ್ರದಲ್ಲಿ ನಾಲ್ಕು ತಿಂಗಳಿಗೊಮ್ಮೆ ಎಲ್ಲರ ರಕ್ತ ಪರೀಕ್ಷೆ ಮಾಡುತ್ತಾರೆ, ನಿನಗೆ ಗೊತ್ತು. ಜೂನ್‌ನಲ್ಲಿ ಅಪ್ಪನದು ಸಿ ಕಾಮಾಲೆ ಎಂದು ಬಂತು. ಯಕೃತ್ತನ್ನು ತಿನ್ನುವ ವೈರಸ್ಸು, ರಕ್ತದಿಂದ ರಕ್ತಕ್ಕೆ ಹೋಗುತ್ತದೆ. ಅದು ಬಂದವರಿಗೆಂದು ಮೂಲೆಯಲ್ಲಿ ಕೆಂಪು ಪಟ್ಟಿ ಅಂಟಿಸಿದ ಒಂದೇ ಒಂದು ಯಂತ್ರ ಇದೆ, ಅದು ಆಗಲೇ ಭರ್ತಿ. ಜಾಗ ಸಿಗದವರು ವಾರಕ್ಕೆರಡು ಸಲ ವಿಶಾಖಪಟ್ಟಣಕ್ಕೆ ಹೋಗಬೇಕು. ಅಪ್ಪ ಬಸ್ಸಿನಲ್ಲಿ ಒಂದು ಗಂಟೆ ಕೂತರೆ ಕಾಲು ಬಾತು ಚಪ್ಪಲಿ ಹಿಡಿಸುವುದಿಲ್ಲ. ಅಲ್ಲಿಗೆ ಐದು ಗಂಟೆಯ ದಾರಿ.

ನಾನು ಅಳುತ್ತಾ ನಿಂತಿದ್ದಾಗ ಟೆಕ್ನಿಷಿಯನ್ ಶ್ಯಾಮಸುಂದರ ಹತ್ತಿರ ಬಂದ. "ಇನ್ನೊಂದ್ಸಲ ಸ್ಯಾಂಪಲ್ ಕಳಿಸ್ತೀನಿ ಕಣಮ್ಮ. ಸೀಸೆ ಮೇಲೆ ಹೆಸರು ಸರಿ ಇದ್ರೆ ಸಾಕು. ತೋಳು ಯಾರದ್ದು ಅಂತ ಯಾರ್ ನೋಡ್ತಾರೆ?" ಅಂದ.

ನಾನು ತೋಳು ಚಾಚಿದೆ. ವರದಿ ಚೊಕ್ಕಟವಾಗಿ ಬಂತು. ಅಪ್ಪ ಆರನೇ ಯಂತ್ರದಲ್ಲೇ ಉಳಿದ. ಅವನಿಗೂ ಹೇಳಲಿಲ್ಲ. ಒಂದು ಕಡೆ ಕೂರಲಾರದವಳೆಂದು ಒಂಬತ್ತನೇ ಕ್ಲಾಸಿನಲ್ಲೇ ಶಾಲೆ ಬಿಟ್ಟವಳು ನಾನು. ಈಗ ಆ ಯಂತ್ರದ ಪಕ್ಕದಲ್ಲಿ ನಾಲ್ಕು ನಾಲ್ಕು ಗಂಟೆ ಅಲ್ಲಾಡದೆ ಕೂತೆ. ಕೂತಲ್ಲಿಂದ ಎಲ್ಲ ಕಣ್ಣಿಗೆ ಬೀಳುತ್ತಿತ್ತು. ಒಂದು ಜೊತೆ ಕೈಗವಸಿನಲ್ಲಿ ನಾಲ್ಕು ಹಾಸಿಗೆ. ರಕ್ತ ಹೆಪ್ಪುಗಟ್ಟದಿರಲು ಕೊಡುವ ಔಷಧದ ಒಂದೇ ಸೀಸೆಯಿಂದ ಸಾಲಾಗಿ ಎಲ್ಲರಿಗೂ. ಒಬ್ಬರು ಎದ್ದು ಇನ್ನೊಬ್ಬರು ಮಲಗುವುದರೊಳಗೆ ಹಾಸಿಗೆಯ ಅಂಚಿನ ಮೇಲೆ ಬಿದ್ದ ರಕ್ತದ ಹನಿಯನ್ನು ಅದೇ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಎಲ್ಲ ನೋಡಿದೆ, ಬಾಯಿ ಬಿಡಲಿಲ್ಲ. ಬಿಟ್ಟರೆ ಜೂನ್‌ನ ಸೀಸೆಯೂ ಹೊರಗೆ ಬರುತ್ತಿತ್ತು.

ಕಳೆದ ತಿಂಗಳ ಪರೀಕ್ಷೆಯಲ್ಲಿ ಐವತ್ತೆರಡು ಜನರ ಪೈಕಿ ಹದಿನಾಲ್ಕು ಜನಕ್ಕೆ ಬಂತು, ಸತ್ಯಾ. ಹದಿನಾಲ್ಕು! ಈ ಸಲ ರಕ್ತವನ್ನು ಯಂತ್ರದ ಕೊಳವೆಯಿಂದಲೇ ತೆಗೆದಿದ್ದರಿಂದ ಅಪ್ಪನ ಹೆಸರೂ ಪಟ್ಟಿಯಲ್ಲಿತ್ತು. ಜಿಲ್ಲೆಯಿಂದ ವಿಚಾರಣೆಗೆ ಡಾಕ್ಟರು ಬರುತ್ತಾರೆ ಎಂದು ಗೊತ್ತಾದ ಕೂಡಲೇ ಮ್ಯಾನೇಜರ್ ಪ್ರಸಾದರಾವ್ ಹದಿನಾಲ್ಕು ಕಾಗದ ಅಚ್ಚು ಹಾಕಿಸಿಕೊಂಡು ಬಂದ. ಸಹಿ ಮಾಡಿದವರಿಗೆ ಇಲ್ಲೇ ಬೇರೆ ಪಾಳಿ, ಮಾಡದವರಿಗೆ ವಿಶಾಖಪಟ್ಟಣ. ನಿನ್ನೆ ಬೆಳಿಗ್ಗೆ ಎಲ್ಲರನ್ನೂ ಕೂರಿಸಿ ಓದಿದ. "ನನಗೆ ಈ ಸೋಂಕು ಕ್ಷೌರದಂಗಡಿಯಲ್ಲಿ, ಹಚ್ಚೆ ಹಾಕಿಸಿಕೊಂಡಾಗ ಅಥವಾ ಊರಿನ ಸೂಜಿ ವೈದ್ಯನಲ್ಲಿ ತಗುಲಿರಬಹುದು. ಕೇಂದ್ರದ ಮೇಲೆ ನನ್ನ ದೂರಿಲ್ಲ."

ತೆಂಗಿನಮರ ಹತ್ತುತ್ತಿದ್ದ ಲಚ್ಚಯ್ಯ ಗೊತ್ತಲ್ಲ? ಎದೆಯವರೆಗೆ ಇಳಿಬಿದ್ದ ಗಡ್ಡ ನೀವಿಕೊಂಡ. "ಬಾಬೂ, ನಾನು ಕ್ಷೌರದಂಗಡಿ ಮೆಟ್ಟಿಲು ಹತ್ತಿ ನಾಲ್ಕು ವರ್ಷ ಆಯ್ತು. ಆ ಕತ್ತಿ ನನ್ನ ಹುಡುಕಿಕೊಂಡು ಮನೇಗೇ ಬಂದಿತ್ತಾ?"

ಗುನ್ನಮ್ಮ ತನ್ನ ಕಾಗದ ಎತ್ತಿ ಹಿಡಿದಳು. "ನಂಗೂ ಕ್ಷೌರದಂಗಡಿ ಅಂತಲೇ ಬರ್ದಿದ್ದಾರಲ್ಲೋ! ಯಾವ ಮೀಸೆ ಬೋಳಿಸಿಕೊಳ್ಳೋಕೆ ಹೋಗಿದ್ದೆ ನಾನು?"

ಎಲ್ಲರೂ ನಕ್ಕರು. ನಕ್ಕವರಲ್ಲೇ ಒಂಬತ್ತು ಜನ ಎದ್ದು ಹೋಗಿ ಹೆಬ್ಬೆಟ್ಟು ಒತ್ತಿ ಬಂದರು. ಅವರನ್ನು ಬೈಯಲಾರೆ. ಯಂತ್ರ ಪ್ರಸಾದರಾವ್ ಕೈಯಲ್ಲಿದೆ, ಇವರ ಉಸಿರು ಯಂತ್ರದಲ್ಲಿದೆ. ಈ ಬಡಪಾಯಿಗಳಿಗೆ ಕಾಯಿಲೆಯನ್ನೂ ಕೊಟ್ಟು, ಅದು ಅವರದೇ ಕೊಳಕು ಎಂದು ಅವರ ಬಾಯಲ್ಲೇ ಹೇಳಿಸುವ ಆ ಮನುಷ್ಯ ಮನೆಗೆ ಹೋಗಿ ಅನ್ನ ಹೇಗೆ ಉಣ್ಣುತ್ತಾನೋ!

ನಾನು ಅಪ್ಪನ ಕಾಗದಕ್ಕೆ ಸಹಿ ಮಾಡುವುದಿಲ್ಲ ಎಂದೆ. ಪ್ರಸಾದರಾವ್ ನನ್ನನ್ನು ಬಾಗಿಲ ಹತ್ತಿರ ಕರೆದ. "ಏನಮ್ಮಾ ನೂಕರತ್ನಂ, ಭಾರೀ ಸತ್ಯವಂತೆ ಆಗಿಬಿಟ್ಟೆ? ಜೂನ್‌ನಲ್ಲಿ ಯಾರ ತೋಳಿಂದ ರಕ್ತ ಹೋಯ್ತು ಅಂತ ಶ್ಯಾಮಸುಂದರ ಹೇಳಿದಾನೆ. ಡಾಕ್ಟರ ಮುಂದೆ ನಾನು ಹೇಳಲಾ?"

"ನೀವ್ಯಾಕೆ ಆಯಾಸ ಮಾಡ್ಕೋತೀರಿ? ನಾನೇ ಹೇಳ್ತೀನಿ" ಎಂದೆ.

ಮಧ್ಯಾಹ್ನ ಡಾಕ್ಟರು ಬಂದಾಗ ಎಲ್ಲರ ಎದುರು ಹೇಳಿದೆ. ಸೀಸೆ, ಶ್ಯಾಮಸುಂದರನ ಮಾತು, ಕೈಗವಸು, ಔಷಧ, ಒದ್ದೆ ಬಟ್ಟೆ, ಕ್ಷೌರದಂಗಡಿಯ ಕಾಗದ ಎಲ್ಲವನ್ನೂ. ಆಕೆ ತಲೆ ಎತ್ತದೆ ಬರೆದುಕೊಂಡರು. ಕೈಗವಸು ಬದಲಿಸಿ, ಸೀಸೆ ಹಂಚದೆ, ಪ್ರತಿ ಸಲ ಚೆನ್ನಾಗಿ ಒರೆಸಿದ್ದರೆ ಈ ಕಾಯಿಲೆಗೆ ಬೇರೆ ಯಂತ್ರವೇ ಬೇಕಿರಲಿಲ್ಲ ಎಂದರು. ಕೇಳಿದೆಯಾ? ಆ ಕೆಂಪು ಪಟ್ಟಿ ಬರೀ ತೋರಿಕೆ. ಆ ತೋರಿಕೆಗೆ ಹೆದರಿ ನಾನು ಸುಳ್ಳುಗಾತಿಯಾದೆ. ಇದಕ್ಕೆ ಹನ್ನೆರಡು ವಾರದ ಮಾತ್ರೆ ಇದೆಯಂತೆ, ಸರ್ಕಾರ ಪುಕ್ಕಟೆ ಕೊಡುತ್ತದಂತೆ, ಬಹುಪಾಲು ಜನಕ್ಕೆ ಪೂರ್ತಿ ವಾಸಿಯಾಗುತ್ತದಂತೆ. ನನ್ನ ಚೊಕ್ಕಟ ವರದಿಯಿಂದ ಅಪ್ಪ ಅದನ್ನೂ ಐದು ತಿಂಗಳು ಕಳೆದುಕೊಂಡ.

ಗುನ್ನಮ್ಮ ನನ್ನ ಮುಖಕ್ಕೇ ಕೇಳಿದಳು. "ನಿಮ್ಮಪ್ಪನ ಪ್ರಾಣ ಪ್ರಾಣ, ನಮ್ಮದೇನು ತವುಡೇನೇ?" ಮನೆಗೆ ಬಂದ ಮೇಲೆ ಅಪ್ಪ ಒಂದೇ ಮಾತು ಕೇಳಿದ. "ಕಾಯಿಲೆ ನಂದು ಕಣೇ. ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

ನನ್ನ ತಪ್ಪು ನನ್ನದೇ. ಅದಕ್ಕೆ ಏನು ಶಿಕ್ಷೆ ಬಂದರೂ ಅನುಭವಿಸುತ್ತೇನೆ. ಆದರೆ ನನ್ನ ತಪ್ಪಿನ ಹಿಂದೆ ಅವರು ಅವಿತುಕೊಳ್ಳಲು ಬಿಡುವುದಿಲ್ಲ. ಡಾಕ್ಟರು ಬರೆದದ್ದನ್ನು ಓದಿಸಿಕೊಂಡು ಅದರ ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಭಾರ ಎತ್ತಬೇಡ. ನಿನ್ನ ಕೂಸು ಗಟ್ಟಿಮುಟ್ಟಾಗಿ ಹುಟ್ಟಲಿ, ನೂರು ವರ್ಷ ಬಾಳಲಿ.

ನಿನ್ನ
ನೂಕಾಲು

ಮ.ವಿ: ಹದಿನಾಲ್ಕು ಹೆಸರಲ್ಲಿ ಹನ್ನೊಂದನೆಯದು ದೇಮುಡಮ್ಮ ಚಿಕ್ಕಮ್ಮ, ನಿನ್ನ ಅಮ್ಮ. ಸೂಜಿ ತೆಗೆದ ಮೇಲೆ ರಕ್ತ ನಿಲ್ಲುವವರೆಗೆ ಹತ್ತು ನಿಮಿಷ ಹತ್ತಿ ಒತ್ತಿ ಹಿಡಿಯಬೇಕು. ನರ್ಸುಗಳು ಸಾಲದೆ ಆ ಕೆಲಸವನ್ನು ಮನೆಯವರಿಗೇ ಬಿಟ್ಟಿದ್ದಾರೆ. ನೀನು ಮದುವೆಯಾಗಿ ಹೋದ ಮೇಲೆ ಚಿಕ್ಕಮ್ಮ ಒಬ್ಬಳೇ ಬರುತ್ತಿದ್ದಳು. ಅಪ್ಪನದು ಒತ್ತಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಅವಳ ಹತ್ತಿರ ಓಡುತ್ತಿದ್ದೆ. ಜೂನ್ ಆದ ಮೇಲೂ ಓಡಿದೆ. ಗೊತ್ತಿದ್ದೂ ಕೈ ತೊಳೆಯಲಿಲ್ಲ, ತೊಳೆದರೆ ಯಾಕೆ ಎಂದು ಯಾರಾದರೂ ಕೇಳಿಯಾರು ಎಂದು. ಅವಳಿಗೆ ಬಂದದ್ದು ಔಷಧದ ಸೀಸೆಯಿಂದಲೋ ಕೈಗವಸಿನಿಂದಲೋ ನನ್ನ ಕೈಯಿಂದಲೋ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ನನಗೆ ಅದರಿಂದ ಸಮಾಧಾನ ಆಗಲಿಲ್ಲ.

ಚಿಕ್ಕಮ್ಮ ಹೆಬ್ಬೆಟ್ಟು ಒತ್ತಿದವರ ಪೈಕಿ. ನಿನ್ನ ಹೆರಿಗೆ ಹೊತ್ತಿಗೆ ಊರಲ್ಲೇ ಇರಬೇಕಂತೆ. "ಅವಳಿಗೆ ಬರೀಬೇಡ, ಅವರತ್ತೆಗೆ ಗೊತ್ತಾದ್ರೆ ಹೆರಿಗೆಗೆ ಕಳಿಸಲ್ಲ" ಎಂದಳು. ಮತ್ತೊಂದನ್ನು ಮುಚ್ಚಿಡಲು ನನ್ನಿಂದ ಆಗುವುದಿಲ್ಲ ಸತ್ಯಾ. ಓದಿ ಈ ಕಾಗದ ಸುಟ್ಟುಬಿಡು, ನನ್ನನ್ನು ಬೈಯುವುದಿದ್ದರೆ ಬೈ. ಸೋಮವಾರದಿಂದ ಅವಳಿಗೆ ಮಾತ್ರೆ ಶುರು, ಮರೆಯದಂತೆ ನೀನು ಅತ್ತೆ ಹತ್ತಿರವಿಲ್ಲದ ಹೊತ್ತು ನೋಡಿ ದಿನಾ ಫೋನ್ ಮಾಡಿ ನೆನಪಿಸಬೇಕು. ನಾನು ಇಲ್ಲಿರುವುದಿಲ್ಲ. ಅಪ್ಪನಿಗೆ ಇಲ್ಲಿ ಜಾಗ ಇಲ್ಲ ಎಂದು ಇವತ್ತು ಹೇಳಿಕಳಿಸಿದರು. ನಾಳೆ ಬೆಳಗಿನ ಮೊದಲ ಬಸ್ಸಿಗೆ ಅವನನ್ನು ಕರೆದುಕೊಂಡು ವಿಶಾಖಪಟ್ಟಣಕ್ಕೆ ಹೊರಡುತ್ತಿದ್ದೇನೆ.