ಹಸುಗಳ ಬಿಳಿ

ಮಂಜಲ್‌ಪುರ, ವಡೋದರಾ
ಮೇ ೧೪, ರಾತ್ರಿ ಎರಡೂಮುಕ್ಕಾಲು

ಪ್ರೀತಿಯ ಸುಲೋಚನಕ್ಕನಿಗೆ ಗೌತಮಿಯ ನಮಸ್ಕಾರ.

ಎರಡೂವರೆಗೆ ಕರಕರ ಶಬ್ದಕ್ಕೆ ಎಚ್ಚರವಾಯಿತು. ಮಗು ಮಂಚದ ಮೇಲೆ ಎದ್ದು ಕೂತು ಉಗುರಿನಿಂದ ಗೋಡೆಯ ಬಣ್ಣ ಕೆರೆಯುತ್ತಿದ್ದಳು. ಬಾಯಿಗೆ ಹಾಕಿಕೊಂಡಾಳೆಂದು ಬೆರಳು ಒರೆಸಿದೆ. ನನ್ನ ನೈಟಿಗೆಲ್ಲ ಬಿಳಿ ಪುಡಿ. ಅದನ್ನೇ ನೋಡುತ್ತ ನಿಂತವಳಿಗೆ ನಮ್ಮ ಲ್ಯಾಬಿನ ಮೇಜು ನೆನಪಾಯಿತು.

ಅಕ್ಕ, ಹಳೆಯ ಬಿಳಿಗಳಲ್ಲಿಲ್ಲದ ಟೈಟೇನಿಯಂ ಈಗಿನ ಬಿಳಿ ಪೇಂಟಿನಲ್ಲೆಲ್ಲ ಉಂಟಲ್ಲ? ನಾನು ಬಾಣಂತನದ ರಜೆಯಲ್ಲಿದ್ದಾಗ ನಮ್ಮ ಲ್ಯಾಬಿನ ಮೇಜಿಗೆ ಹೊಸದಾಗಿ ಬಿಳಿ ಪೇಂಟ್ ಹೊಡೆಸಿದ್ದರು. ಇಂದುಮತಿಬೆನ್ ಅವರ ಪಿಛ್ವಾಯಿಯನ್ನು, ಶ್ರೀನಾಥಜಿಯ ಹಿಂದೆ ತೂಗುವ ಆ ಹಳೆಯ ಬಟ್ಟೆಚಿತ್ರವನ್ನು, ಅದೇ ಮೇಜಿನ ಮೇಲೆ ಹಾಸಿ, ಬಣ್ಣದಲ್ಲಿ ಏನೇನಿದೆ ಎಂದು ಹೇಳುವ ಎಕ್ಸ್-ರೇ ಗನ್ ಹಿಡಿದೆ. ನಮ್ಮ ಗನ್ ಚಿತ್ರವನ್ನು ಮುಟ್ಟುವುದಿಲ್ಲ, ಕೆರೆಯುವುದಿಲ್ಲ, ಸರಿ. ಆದರೆ ಬಟ್ಟೆ ತೆಳುವಾಗಿದ್ದರೆ ಕಿರಣ ಆಚೆ ದಾಟಿ ಕೆಳಗಿರುವುದನ್ನೂ ಓದಿಕೊಂಡು ಬರುತ್ತದೆ. ವರದಿಯಲ್ಲಿ ನಾನು ಬರೆದ ಟೈಟೇನಿಯಂ ಚಿತ್ರದ ಹಸುಗಳದ್ದಲ್ಲ. ಮೇಜಿನದು.

ಹಸುಗಳ ಬಿಳಿ ಈಚೆಗೆ ಯಾರೋ ಮೇಲೆ ಬಳಿದದ್ದು, ತೆಗೆಯಬಹುದು ಎಂದೆನಲ್ಲ? ಅದು ಮೂಲದ್ದೇ. ಅಂಟು ಬೆರೆಸಿದ ಸುಣ್ಣದ ಬಿಳಿ. ಒದ್ದೆ ಹತ್ತಿ ತಾಗಿದರೆ ಸಾಕು, ಹೋಯಿತು.

ನಿನ್ನೆ ಸಂಜೆ ನೀವು ಮೊದಲನೇ ಹಸುವಿನ ಬಿಳಿ ಒರೆಸಿ ತೆಗೆದು ಫೋಟೋ ಕಳಿಸಿ, ಎಷ್ಟು ಸಲೀಸಾಗಿ ಬಂತು ಮಾರಾಯ್ತಿ, ನಿನ್ನ ಮಾತು ನಿಜ ಎಂದು ಬರೆದಿದ್ದಿರಿ. ನಾನು ಮಗುವಿಗೆ ಗಂಜಿ ತಿನ್ನಿಸುತ್ತ ಹೆಬ್ಬೆರಳು ಎತ್ತಿದ ಚಿತ್ರ ಒತ್ತಿ ಕಳಿಸಿದೆ. ಈಗ ಆ ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದೇನೆ. ಹಣೆ ಇಲ್ಲ, ಒಂದು ಕಣ್ಣಿಲ್ಲ. ಬಿಳಿಯ ಕೆಳಗೆ ಹಳೆಯ ಹಸು ಸಿಕ್ಕೀತೆಂದು ನೀವು ಕಾಯುತ್ತಿದ್ದೀರಿ. ಕೆಳಗೆ ಏನೂ ಇಲ್ಲ ಅಕ್ಕ. ಬರೀ ಬಟ್ಟೆ. ಇನ್ನು ಹನ್ನೊಂದು ಹಸು ಉಳಿದಿವೆ.

ಇಂದುಮತಿಬೆನ್ ಅದನ್ನು ಸೂರತ್ತಿನಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದರು. ನಮ್ಮ ಮನೆಯಲ್ಲಿ ಇದಕ್ಕೆ ಯಾರೂ ಕುಂಚ ತಾಗಿಸಿಲ್ಲ ಬೇಟಾ ಎಂದು ಎಷ್ಟು ಸಲ ಹೇಳಿದರು! ನಾನು ಸ್ಕ್ರೀನ್ ತೋರಿಸಿ, ಬೆನ್, ಮಶೀನು ಸುಳ್ಳು ಹೇಳುವುದಿಲ್ಲ ಎಂದೆ. ಅವರು, ಹಾಗಾದರೆ ನಮ್ಮ ಅತ್ತೆಯೇ ಮುಚ್ಚಿಟ್ಟಿರಬೇಕು, ಅವಳು ಉಪ್ಪಿನಕಾಯಿ ಭರಣಿಯನ್ನೂ ನನಗೆ ಕಾಣದ ಹಾಗೆ ಇಡುತ್ತಿದ್ದಳು ಎಂದು ನಕ್ಕು, ಬಿಳಿ ತೆಗೆಯಲು ಒಪ್ಪಿ ಸಹಿ ಹಾಕಿದರು. ಸತ್ತ ಅತ್ತೆಯ ಮೇಲೂ ನಾನು ಅಪವಾದ ಹೊರಿಸಿದೆ.

ಮೊದಲು ಖಾಲಿ ಮೇಜನ್ನು ಗನ್ನಿನಿಂದ ಅಳೆದೆಯಾ ಎಂದು ನೀವು ಎರಡು ಸಲ ಕೇಳಿದ್ದಿರಿ. ಹೂಂ ಅಂದಿದ್ದೆ. ಹತ್ತು ತಿಂಗಳಿಂದ ನಿದ್ದೆಗೆಟ್ಟ ತಲೆ ಅಕ್ಕ, ಮರೆತಿರಬೇಕು.

ಏಳು ಸಲ ಫೋನ್ ಮಾಡಿದೆ. ಸ್ವಿಚ್ ಆಫ್. ಬಿಸಿಲೇರುವ ಮೊದಲು, ಆರಕ್ಕೇ ನೀವು ಕೆಲಸಕ್ಕೆ ಕೂರುತ್ತೀರಿ, ಮುಗಿಯುವವರೆಗೆ ಫೋನ್ ಮುಟ್ಟುವುದಿಲ್ಲ, ಗೊತ್ತುಂಟು. ಬೆಳಿಗ್ಗೆ ನೋಡಿದರಾಯಿತು, ಮಲಗು ಎಂದರು ಪಕ್ಕದಲ್ಲಿ ಮಲಗಿದ್ದ ಯಶವಂತ್. ನಾನು ಅತ್ತ ಮೇಲೆ ಎದ್ದು, ಡ್ರೈವರನ್ನು ತಡೆಯಲು ಕೆಳಗೆ ಹೋಟೆಲಿಗೆ ಹೋಗಿದ್ದಾರೆ. ನಮ್ಮ ಹೋಟೆಲಿನಿಂದ ನಿಮ್ಮ ಮನೆಯ ಹತ್ತಿರದ ಮಣಿನಗರದ ಬ್ರಾಂಚಿಗೆ ತೆಂಗಿನಕಾಯಿ, ಬಾಳೆಎಲೆ ಒಯ್ಯುವ ಟೆಂಪೋ ಮೂರೂವರೆಗೆ ಹೊರಡುತ್ತದೆ. ಅದರ ಡ್ರೈವರ್ ಕೇಶವಣ್ಣನ ಕೈಯಲ್ಲಿ ಈ ಪತ್ರ ಕೊಡುತ್ತೇನೆ. ಬಾಗಿಲು ಬಡಿದು ಎಬ್ಬಿಸಿ, ನಿಮ್ಮ ಕೈಗೇ ಕೊಡಬೇಕೆಂದು ಹೇಳುತ್ತೇನೆ.

ಹತ್ತಿ ಒದ್ದೆ ಮಾಡಬೇಡಿ. ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನಿ.

ನಿಮ್ಮ
ಗೌತಮಿ

ಮರೆತ ಮಾತು: ಮೇಲೆ ‘ಮರೆತಿರಬೇಕು’ ಎಂದು ಬರೆದದ್ದು ಸುಳ್ಳು. ಅವತ್ತು ಮಗುವನ್ನು ನೋಡಿಕೊಳ್ಳುವ ಹೆಂಗಸು ಫೋನ್ ಮಾಡಿ ಜ್ವರ ನೂರಾಮೂರು ಎಂದಿದ್ದಳು. ಖಾಲಿ ಮೇಜಿನ ಅಳತೆಗೆ ಹದಿನೈದು ನಿಮಿಷ ಬೇಕಿತ್ತು. ಹೋದ ವರ್ಷದ, ಪೇಂಟ್ ಹೊಡೆಯುವ ಮುಂಚಿನ ಅಂಕಿಗಳನ್ನೇ ತಂದು ವರದಿಗೆ ಸೇರಿಸಿ ಸಹಿ ಹಾಕಿ ಓಡಿದೆ. ಯಶವಂತ್‌ಗೂ ಹೇಳಿಲ್ಲ. ಮಗುವಿಗೆ ಬರೀ ಹಲ್ಲು ಬರುವ ಜ್ವರವಾಗಿತ್ತು. ಇಂದುಮತಿಬೆನ್ ಅವರಿಗೆ ನಾನೇ ಹೇಳುತ್ತೇನೆ, ನೀವು ಹೇಳಬೇಡಿ. ಆದರೆ ಮೊದಲು ಫೋನ್ ಮಾಡಿ ಅಕ್ಕ, ಬೈಯುವುದಕ್ಕಾದರೂ ಮಾಡಿ, ಬೆಳಗಾಗುವ ಮೊದಲು.